ಲೆಕ್ಕಕ್ಕಿಲ್ಲದವರ ಲೆಕ್ಕ

“ಇವುಕ್ಕೆ ಲೆಕ್ಕ ತಲೆಗೆ ಹತ್ತಲ್ಲ ಬಿಡಿ ಸಾರ್. ನಾಲ್ಕಕ್ಷರ ಕಲ್ತು ಸೈನ್ ಹಾಕೋಕೆ ಬಂದ್ರೆ ಅದೇ ದೊಡ್ಡದು.”

ಈ ಮಾತನ್ನು ನಾವು ಒಂದು ಶಾಲೆಯಲ್ಲಿ ಕೇಳಿದ್ದಲ್ಲ. ಹತ್ತಾರು ಸ್ಟಾಫ್ ರೂಮುಗಳಲ್ಲಿ, ಟೀ ಕುಡಿಯುತ್ತ, ನಗುನಗುತ್ತ, ಯಾವ ಕೆಡುಕೂ ಮನಸ್ಸಿನಲ್ಲಿಲ್ಲದವರಂತೆ ಆಡುವುದನ್ನು ಕೇಳಿದ್ದೇವೆ. ನಮ್ಮಲ್ಲಿ ಕೆಲವರು ಮೇಷ್ಟ್ರುಗಳು, ಕೆಲವರು ಸಂಘಟನೆಯ ಹುಡುಗರು. ಸಂಜೆ ಆರೂವರೆಗೆ ಕೇರಿಯ ಸಮುದಾಯ ಭವನದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುವವರು. ಆದ್ದರಿಂದ ಈ ‘ಇವು’ ಯಾರು ಅನ್ನೋದು ನಮಗೆ ಚೆನ್ನಾಗಿ ಗೊತ್ತು. ಮಕ್ಕಳನ್ನು ಅಕ್ಕರೆಯಿಂದಲೂ ‘ಇವು’ ಅನ್ನುತ್ತೇವೆ, ನಿಜ. ಆದರೆ ಆ ‘ಇವು’ಗಳಲ್ಲಿ ಅಕ್ಕರೆ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಬರೆದ ಜಾತಿ ಇತ್ತು.

ಸ್ವಲ್ಪ ಓದಿಕೊಂಡವರು ಇದೇ ಮಾತನ್ನು ನಯವಾಗಿ ಹೇಳುತ್ತಾರೆ: “ಗಣಿತದಲ್ಲಿ ಆಸಕ್ತಿ ಇಲ್ಲದ ಮಕ್ಕಳು”, “ಕಲಿಕೆಯಲ್ಲಿ ಹಿಂದುಳಿದವರು”. ಹಿಂದುಳಿದವರೋ, ಹಿಂದಕ್ಕೆ ಕೂರಿಸಲ್ಪಟ್ಟವರೋ? ಆಸಕ್ತಿ ಇಲ್ಲವೋ, ಆಸಕ್ತಿಯನ್ನು ಕೋಲಿನಲ್ಲಿ ಹೊಡೆದು ಓಡಿಸಿದಿರೋ? ಈ ಲೆಕ್ಕವನ್ನು ಮೊದಲು ಬಿಡಿಸೋಣ.

ನಮ್ಮ ಸಂಜೆ ಪಾಠಕ್ಕೆ ಬರುವ ಒಬ್ಬ ಹುಡುಗ ಐದನೇ ಕ್ಲಾಸು. ಭಾನುವಾರದ ಸಂತೆಯಲ್ಲಿ ಅವ್ವನ ಜೊತೆ ಸೊಪ್ಪು ಮಾರುತ್ತಾನೆ. ಕಟ್ಟು 15 ರೂಪಾಯಿ, ಮೂರು ತಗೊಂಡರೆ 40. ಒಬ್ಬ ಗಿರಾಕಿ ಏಳು ಕಟ್ಟು ಎತ್ತಿಕೊಂಡು 200ರ ನೋಟು ಚಾಚಿದ. ಹುಡುಗ ಕಣ್ಣು ಮಿಟುಕಿಸಲಿಲ್ಲ. “ಆರಕ್ಕೆ ಎಂಬತ್ತು, ಇನ್ನೊಂದು ಹದಿನೈದು, ತೊಂಬತ್ತೈದು. ತಕಳಿ ಐದು, ನೂರಾಯ್ತು. ತಕಳಿ ಇನ್ನೊಂದು ನೂರು.” ಮುಗಿಯಿತು. ಸೋಮವಾರ ಶಾಲೆಯಲ್ಲಿ ಬೋರ್ಡಿನ ಮೇಲೆ ಅದೇ ಲೆಕ್ಕ ಬಂತು: 200ರಲ್ಲಿ 95 ಕಳೆ. ಅದೇ ಹುಡುಗ ಸೀಮೆಸುಣ್ಣ ಹಿಡಿದು ನಡುಗುತ್ತ ಬರೆದದ್ದು 295. ಸೊನ್ನೆಯಲ್ಲಿ ಐದು ಹೋಗಲ್ಲ, ಐದರಲ್ಲಿ ಸೊನ್ನೆ ಹೋದರೆ ಐದು. ಸೊನ್ನೆಯಲ್ಲಿ ಒಂಬತ್ತು ಹೋಗಲ್ಲ, ಒಂಬತ್ತರಲ್ಲಿ ಸೊನ್ನೆ ಹೋದರೆ ಒಂಬತ್ತು. ಎರಡು ಹಾಗೇ ಇಳಿಸು. ಕೈಮೇಲೆ ಎರಡೇಟು ಬಿತ್ತು.

ನಾವು ಕೇಳುತ್ತೇವೆ: 200 ಕೊಟ್ಟವನಿಗೆ 295 ಚಿಲ್ಲರೆ ಕೊಡುವಷ್ಟು ಪೆದ್ದನೇ ಈ ಹುಡುಗ? ಒಂದೇ ಒಂದು ಭಾನುವಾರ ಹೀಗೆ ಮಾಡಿದ್ದರೆ ಅವರ ಮನೆ ಒಲೆ ಉರಿಯುತ್ತಿತ್ತೇ? ಹಾಗಾದರೆ ಭಾನುವಾರಕ್ಕೂ ಸೋಮವಾರಕ್ಕೂ ನಡುವೆ ಅವನ ಬುದ್ಧಿಯನ್ನು ಯಾರು ಕದ್ದರು?

ಇದು ನಮ್ಮೂರ ಕತೆ ಮಾತ್ರ ಅಲ್ಲ. ಬ್ರೆಜಿಲ್ ದೇಶದ ರೆಸೀಫೆ ಅನ್ನೋ ಊರಿನಲ್ಲಿ ತೆರೆಜಿನ್ಹಾ ಕಾರಾಹರ್, ಡೇವಿಡ್ ಕಾರಾಹರ್, ಅನಲೂಸಿಯಾ ಶ್ಲೀಮನ್ ಎಂಬ ಮೂವರು ಬೀದಿಯಲ್ಲಿ ವ್ಯಾಪಾರ ಮಾಡುವ ಬಡ ಮಕ್ಕಳ ಹತ್ತಿರ ಹೋಗಿ ಗಿರಾಕಿಗಳಂತೆ ಲೆಕ್ಕ ಕೇಳಿದರು. 1985ರಲ್ಲಿ ಪ್ರಕಟಿಸಿದರು. ಬೀದಿಯಲ್ಲಿ ಮಕ್ಕಳು ನೂರಕ್ಕೆ 98 ಸರಿ ಹೇಳಿದ್ದರು. ಅದೇ ಲೆಕ್ಕಗಳನ್ನು ಕಾಗದದ ಮೇಲೆ ಬರೀ ಅಂಕಿಯಾಗಿ ಕೊಟ್ಟಾಗ ಸರಿಯಾದದ್ದು ನೂರಕ್ಕೆ 37. ಒಂದು ತೆಂಗಿನಕಾಯಿಗೆ 35 ಆದರೆ ನಾಲ್ಕಕ್ಕೆಷ್ಟು ಅಂದರೆ, ಮೂರಕ್ಕೆ 105, ಅದಕ್ಕಿಷ್ಟು ಸೇರಿಸಿ 140 ಎಂದ ಮಗು, ಕಾಗದದ ಮೇಲೆ 35 ಗುಣಿಸು 4 ಎಂದಾಗ ಬರೆದದ್ದು 200! ದಶಕ ಎತ್ತಿಕೊಳ್ಳುವ ವಿಧಾನವನ್ನು ತಲೆಕೆಳಗು ಮಾಡಿಕೊಂಡಿತ್ತು. ನಮ್ಮ ಸೊಪ್ಪಿನ ಹುಡುಗನಿಗೂ ರೆಸೀಫೆಯ ಕಾಯಿ ಮಾರುವ ಹುಡುಗನಿಗೂ ಸಮುದ್ರಗಳ ಅಂತರ. ಆದರೆ ಇಬ್ಬರನ್ನೂ ಸೋಲಿಸಿದ್ದು ಒಂದೇ.

*

ಲೆಕ್ಕ ಈ ನಾಡಿನಲ್ಲಿ ಯಾವತ್ತೂ ಬರೀ ಅಂಕಿಯ ವಿದ್ಯೆಯಾಗಿರಲಿಲ್ಲ. ಅದು ಯಜಮಾನಿಕೆ. ಶಾನುಭೋಗನ ಖಾತೆ, ಸಾಹುಕಾರನ ವಹಿ, ಕಣದಲ್ಲಿ ಗೌಡನ ಕೊಳಗ. ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಯಾರಿಗೆ ಲಾಭ? ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಆದರೆ ಕೊಳಗಕ್ಕೆ ಎಷ್ಟು ಸೇರು ಅನ್ನೋದು ಊರಿಂದೂರಿಗೆ ಬೇರೆ. ಅಳೆದುಕೊಳ್ಳೋ ಕೊಳಗ ಒಂದು, ಅಳೆದುಕೊಡೋ ಕೊಳಗ ಇನ್ನೊಂದು ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದರು. ಬಿತ್ತಿ ಬೆಳೆದವರು ನಾವು, ಅಳೆದವರು ಅವರು, ಬರೆದುಕೊಂಡವರು ಇನ್ನೊಬ್ಬರು, ಹೆಬ್ಬೆಟ್ಟು ಒತ್ತಿದವರು ಮತ್ತೆ ನಾವು.

ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ ಹೋಗಬೇಕಾದರೆ 1961ರ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯ್ದೆ ಬರಬೇಕಾಯಿತು. ಜೀತ ಕಾನೂನುಬಾಹಿರವಾಗಬೇಕಾದರೆ 1975ರ ಸುಗ್ರೀವಾಜ್ಞೆ, 1976ರ ಕಾಯ್ದೆ ಬರಬೇಕಾಯಿತು. ಅಲ್ಲಿಯತನಕ ಅಪ್ಪ ಮಾಡಿದ ನೂರಿನ್ನೂರು ರೂಪಾಯಿ ಸಾಲಕ್ಕೆ ಮಗ ದುಡಿದ, ಮಗನ ಸಾಲಕ್ಕೆ ಮೊಮ್ಮಗ ದುಡಿದ. ಎಷ್ಟು ವರ್ಷ ದುಡಿದರೂ ತೀರದ ಆ ಸಾಲ ಯಾವ ಮಗ್ಗಿಯ ಪ್ರಕಾರ ಬೆಳೆಯುತ್ತಿತ್ತು? ಕೇಳಲು ನಮಗೆ ಲೆಕ್ಕ ಬರುತ್ತಿರಲಿಲ್ಲ. ಬರಬಾರದು ಅಂತಲೇ ಬಾಗಿಲು ಹಾಕಿದ್ದರು.

ಇದನ್ನು ಜೋತಿಬಾ ಫುಲೆ ಅವತ್ತೇ ಕಂಡಿದ್ದರು. 1882ರಲ್ಲಿ ಹಂಟರ್ ಆಯೋಗಕ್ಕೆ ಕೊಟ್ಟ ಮನವಿಯಲ್ಲಿ ಶೂದ್ರ ಅತಿಶೂದ್ರರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಬೇಕೆಂದು ಕೇಳಿದಾಗ, ಓದು ಬರಹದ ಜೊತೆಗೇ ಅವರು ಕೇಳಿದ್ದು ಲೆಕ್ಕಪತ್ರದ ತಿಳಿವಳಿಕೆ. ಸೈನ್ ಹಾಕೋಕೆ ಬಂದರೆ ಸಾಕು ಅಂತ ಫುಲೆ ಹೇಳಲಿಲ್ಲ. ಯಾವುದರ ಮೇಲೆ ಸೈನ್ ಹಾಕುತ್ತಿದ್ದೇವೆ ಅನ್ನೋದು ತಿಳಿಯಬೇಕು ಅನ್ನುವುದು ಆ ಬೇಡಿಕೆಯ ಒಳಗಿದೆ.

ಬಾಬಾಸಾಹೇಬರು ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಮೇಷ್ಟ್ರು ಅವರನ್ನು ಬೋರ್ಡಿನ ಮೇಲೆ ಲೆಕ್ಕ ಬಿಡಿಸಲು ಕರೆದರು. ತಕ್ಷಣ ಕ್ಲಾಸಿನಲ್ಲಿ ಗದ್ದಲ. ಸವರ್ಣ ಹುಡುಗರು ಓಡಿ ಬಂದು ಬೋರ್ಡಿನ ಹಿಂದೆ ಇಟ್ಟಿದ್ದ ತಮ್ಮ ಊಟದ ಡಬ್ಬಿಗಳನ್ನು ಎತ್ತಿ ಎಸೆದು ದೂರ ಮಾಡಿದರು. ಈ ಹುಡುಗ ಬೋರ್ಡು ಮುಟ್ಟಿದರೆ ಅದರ ಹಿಂದಿನ ಅನ್ನ ಮೈಲಿಗೆ! ಗೆಳೆಯರೇ, ನಮ್ಮ ಮಕ್ಕಳಿಗೂ ಬೋರ್ಡಿಗೂ ನಡುವೆ ಏನಿದೆ ಅಂತ ಕೇಳುವವರು ಈ ಡಬ್ಬಿಗಳನ್ನು ನೆನಪಿಟ್ಟುಕೊಳ್ಳಲಿ. ಅದೇ ಹುಡುಗ ಮುಂದೆ ಲಂಡನ್ನಿಗೆ ಹೋಗಿ 1923ರಲ್ಲಿ ರೂಪಾಯಿಯ ಸಮಸ್ಯೆಯ ಬಗ್ಗೆ ಪುಸ್ತಕ ಬರೆದು ಸಾಮ್ರಾಜ್ಯದ ನಾಣ್ಯದ ಲೆಕ್ಕವನ್ನೇ ಕೇಳಿದರು. ಒಂದು ಬೋರ್ಡಿನ ಹತ್ತಿರ ಬಿಡದಿದ್ದವರು ಯಾವ ತಲೆಯನ್ನು ಹೊರಗಿಡಲು ನೋಡಿದ್ದರು, ಯೋಚಿಸಿ.

ಇವತ್ತು ಡಬ್ಬಿ ಎಸೆಯುವುದಿಲ್ಲ. ಬೋರ್ಡಿಗೆ ಕರೆಯುವುದೇ ಇಲ್ಲ. ಮುಂದಿನ ಸಾಲಿನ ನಾಲ್ಕು ಮಕ್ಕಳ ಮುಖ ನೋಡಿಕೊಂಡು ಪಾಠ ಮುಗಿಸುತ್ತಾರೆ. ಹಿಂದಿನ ಸಾಲು ಗದ್ದಲ ಮಾಡದಿದ್ದರೆ ಸಾಕು. ಹೀಗೆ ಏಳೆಂಟು ವರ್ಷ ಕೂತ ಮಗು “ನಂಗೆ ಲೆಕ್ಕ ಬರಲ್ಲ” ಅನ್ನುತ್ತದೆ. ಇದನ್ನೇ ಅನಾಸಕ್ತಿ ಎಂದು ವರದಿ ಬರೆಯುತ್ತಾರೆ. ಇದು ಅನಾಸಕ್ತಿಯಲ್ಲ. ಅವಮಾನದಿಂದ ತಪ್ಪಿಸಿಕೊಳ್ಳುವ ಜಾಣತನ. ಕೈ ಎತ್ತದಿದ್ದರೆ ಏಟಿಲ್ಲ, ನಗೆಪಾಟಲಿಲ್ಲ. ಮಕ್ಕಳು ಲಾಭ ನಷ್ಟ ಸರಿಯಾಗಿಯೇ ಲೆಕ್ಕ ಹಾಕಿದ್ದಾರೆ!

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಗಣಿತ ಬೋಧನೆಯ ಬಗ್ಗೆ ಕೂತ ತಂಡ ಕೂಡ ಮೊದಲು ಹೆಸರಿಸಿದ ಸಮಸ್ಯೆ ಭಯ ಮತ್ತು ಸೋಲು. ಸರಿ. ಆದರೆ ಭಯ ಗಾಳಿಯಲ್ಲಿ ಹುಟ್ಟುವುದಿಲ್ಲ. ಕೇರಿಯ ಮಗುವಿನ ಭಯಕ್ಕೆ ವಹಿಯ ನೆನಪಿದೆ.

*

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಗೂ ತಿರುಗಬೇಕು. ಅಲ್ಲಿ ನಮ್ಮ ಸ್ನೇಹಿತರೇ ಇದ್ದಾರೆ.

“ನಿಮ್ಮ ಜನಕ್ಕೆ ಅವರದೇ ಜಾನಪದ ಗಣಿತ ಇದೆಯಲ್ಲ, ಸಂತೆ ಲೆಕ್ಕ, ಬಾಯಿ ಲೆಕ್ಕ, ಎಷ್ಟು ಚೆಂದ! ಅವರನ್ನು ಯಾಕೆ ಪುಸ್ತಕದ ಲೆಕ್ಕದಿಂದ ಹಿಂಸಿಸಬೇಕು?” ಎನ್ನುವ ಉದಾರಿಗಳು. ಇವರ ಮಕ್ಕಳು ಕೋಚಿಂಗಿಗೆ ಹೋಗುತ್ತಾರೆ. ನಮ್ಮ ಮಕ್ಕಳು ಅಳಗುಳಿ ಮಣೆಯಲ್ಲಿ ಹುಣಸೆಬೀಜ ಎಣಿಸುತ್ತ ಚೆಂದವಾಗಿ ಕೂತಿರಬೇಕು! ಕೂಲಿಕಾರನ ಮಗನಿಗೆ ಕೂಲಿ ಲೆಕ್ಕ ಸಾಕು ಅನ್ನುವ ಹಳೆಯ ಮನುಧರ್ಮಕ್ಕೂ ಇದಕ್ಕೂ ಎಷ್ಟು ದೂರ?

ಸಂತೆ ಲೆಕ್ಕ ತಾನಾಗೇ ಶಾಲೆ ಲೆಕ್ಕ ಆಗುವುದಿಲ್ಲ. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ, ದಿಲ್ಲಿ ಮತ್ತು ಕಲ್ಕತ್ತೆಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಮೇಲಿನ ಅಧ್ಯಯನ ಅದನ್ನೇ ತೋರಿಸಿತು. ವ್ಯಾಪಾರದ ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿ ಮುಗಿಸುವ ಮಕ್ಕಳು ಪುಸ್ತಕದ ಲೆಕ್ಕದಲ್ಲಿ ಎಡವಿದರು. ಪುಸ್ತಕದ ಲೆಕ್ಕ ಬಲ್ಲ, ವ್ಯಾಪಾರ ಮಾಡದ ಶಾಲೆಯ ಮಕ್ಕಳು ಸಂತೆಯ ಲೆಕ್ಕದಲ್ಲಿ ಎಡವಿದರು. ಎರಡರ ನಡುವೆ ಹೊಳೆ ಇದೆ, ಸೇತುವೆ ಇಲ್ಲ. ಈ ದಡದವರು ನಮ್ಮವರು ಅಂತ ಹೆಮ್ಮೆಪಟ್ಟುಕೊಂಡು ಕೂತರೆ ಸೇತುವೆ ಆಗುವುದಿಲ್ಲ. ಎಸ್ಸೆಸ್ಸೆಲ್ಸಿಯ ಗಣಿತ ಪತ್ರಿಕೆ ಆ ದಡದಲ್ಲಿದೆ. ಡಿಪ್ಲೊಮ, ಪಿಯುಸಿ ಸೈನ್ಸು, ಬ್ಯಾಂಕು, ರೈಲ್ವೆ ಪರೀಕ್ಷೆ ಎಲ್ಲವೂ ಆ ದಡದಲ್ಲಿವೆ. ಗಣಿತದಲ್ಲಿ ಫೇಲಾದ ಹುಡುಗ ಇಟ್ಟಿಗೆ ಗೂಡಿಗೆ, ಹುಡುಗಿ ಗಾರ್ಮೆಂಟ್ಸಿಗೆ. ಇದು ನಮ್ಮ ಕೇರಿಗಳ ಕಣ್ಣೆದುರಿನ ಸತ್ಯ. ನಮಗೆ ಆ ದಡವೂ ಬೇಕು.

ಇದನ್ನು ಹೋರಾಟದ ಮಾತಾಗಿ ಹೇಳಿದವನು ಅಮೆರಿಕದ ಕರಿಯ ಹೋರಾಟಗಾರ ರಾಬರ್ಟ್ ಮೋಸೆಸ್. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಕಪ್ಪು ಚಿರತೆಗಳ ಹೆಸರು ನೋಡಿ ದಲಿತ ಪ್ಯಾಂಥರ್ ಕಟ್ಟಿದರಲ್ಲ, ಅದೇ ನಾಡಿನ ಇನ್ನೊಂದು ಹೋರಾಟದ ಮನುಷ್ಯ. 1961ರಿಂದ ಮಿಸಿಸಿಪ್ಪಿಯಲ್ಲಿ ಹತ್ತಿ ಹೊಲದ ಕರಿಯ ಕೂಲಿಗಳನ್ನು ಮತದಾರರ ಪಟ್ಟಿಗೆ ಸೇರಿಸಲು ಹೊರಟು ಏಟು ತಿಂದವನು, ಜೈಲು ಕಂಡವನು. ಅಲ್ಲಿ ಓದು ಬರಹದ ಪರೀಕ್ಷೆ ಇಟ್ಟು ಕರಿಯರನ್ನು ಮತಪಟ್ಟಿಯಿಂದ ಹೊರಗಿಡುತ್ತಿದ್ದರು. ಓದಲು ಬಿಡದವರೇ ‘ನಿನಗೆ ಓದು ಬರಲ್ಲ, ಓಟಿಲ್ಲ’ ಅನ್ನುತ್ತಿದ್ದರು! ಆಮೇಲೆ ಟಾಂಜಾನಿಯಾದಲ್ಲಿ ಗಣಿತ ಮೇಷ್ಟ್ರಾಗಿದ್ದು, ಊರಿಗೆ ಮರಳಿದ ಮೇಲೆ 1982ರಲ್ಲಿ ಮೋಸೆಸ್ ಬೀಜಗಣಿತ ಕಲಿಸುವ ಚಳವಳಿ ಶುರು ಮಾಡಿದ. ಅಂದು ಓಟು ಹೇಗೋ ಇಂದು ಬೀಜಗಣಿತ ಹಾಗೆ, ಅದು ನಾಗರಿಕ ಹಕ್ಕು ಅನ್ನುವುದು ಅವನ ವಾದ. 2021ರಲ್ಲಿ ಸಾಯುವವರೆಗೂ ಅದನ್ನು ಬಿಡಲಿಲ್ಲ.

ಅವನ ದಾರಿ ಸರಳ. ಮಕ್ಕಳನ್ನು ನಗರದ ರೈಲಿನಲ್ಲಿ ಕೂರಿಸಿಕೊಂಡು ಹೋದ. ಬಂದ ಮೇಲೆ ಚಿತ್ರ ಬರೆಸಿದ. ಆಮೇಲೆ ತಮ್ಮ ಬೀದಿ ಮಾತಿನಲ್ಲೇ ಹೇಳಿಸಿದ. ಆಮೇಲೆ ಅದೇ ಮಾತನ್ನು ಬಿಗಿ ಮಾಡಿಸಿದ: ಎಲ್ಲಿಂದ, ಯಾವ ದಿಕ್ಕಿಗೆ, ಎಷ್ಟು ನಿಲ್ದಾಣ. ಕೊನೆಗೆ ಚಿಹ್ನೆ. ಒಂದು ದಿಕ್ಕು ಧನ, ಇನ್ನೊಂದು ದಿಕ್ಕು ಋಣ. ನಮ್ಮಲ್ಲಿ ನಡೆಯುವುದು ಪೂರಾ ಉಲ್ಟ. ಚಿಹ್ನೆಯಿಂದ ಶುರು, ಚಿಹ್ನೆಯಲ್ಲೇ ಕೊನೆ. ನಡುವೆ ಕೋಲು.

*

ನಾವು ಕೇರಿಯಲ್ಲಿ ಮಾಡಿ ನೋಡಿದ್ದನ್ನು ಹೇಳುತ್ತೇವೆ. ಬರೀ ಬೈಗುಳದಿಂದ ಯಾವ ಮಗುವೂ ಮಗ್ಗಿ ಕಲಿಯುವುದಿಲ್ಲ.

ತೋಟದ ಮಾಲೀಕರೊಬ್ಬರು ಗಿಡ ನೆಡಲು ಗುಂಡಿ ತೋಡಿಸುತ್ತಿದ್ದರು. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿಗೆ 40 ರೂಪಾಯಿ. ಆಮೇಲೆ ಮೂರಡಿ ಗುಂಡಿ ಬೇಕೆಂದರು. “ಒಂದೂವರೆ ಪಟ್ಟು ಆಯ್ತಲ್ಲ, 60 ತಗೊಳ್ಳಿ.” ನಮ್ಮ ಜನ ಒಪ್ಪಿಕೊಂಡರು. ಸಾಯಂಕಾಲ ಬಂದ ಅಪ್ಪಂದಿರು “ಏನೋಪ್ಪ, ರೇಟು ಸರಿಯಾಗೇ ಅದೆ, ಮೈ ಮಾತ್ರ ಮುರ್ದೋಯ್ತು” ಅಂದರು. ಮೈಗೆ ಲೆಕ್ಕ ತಿಳಿದಿತ್ತು. ಬಾಯಿಗೆ ತಿಳಿದಿರಲಿಲ್ಲ.

ಮಾರನೆಯ ದಿನ ಮಕ್ಕಳನ್ನು ಗುಂಡಿಯ ಹತ್ತಿರವೇ ಕರೆದುಕೊಂಡು ಹೋದೆವು. ಟೇಪು ಹಿಡಿದು ಅಳೆದರು. ಭವನದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುಂಡಿ ಬರೆದರು. ಒಂದಡಿಯ ಮಣ್ಣಿನ ಗಟ್ಟಿ ಅಂದರೆ ಎಷ್ಟು ಅಂತ ಒಂದಡಿ ರಟ್ಟಿನ ಡಬ್ಬ ಮಾಡಿದೆವು. ಎರಡಡಿ ಗುಂಡಿಯಲ್ಲಿ ಅಂಥ ಗಟ್ಟಿ ಎಷ್ಟು? ಕೆಳಗೆ ನಾಲ್ಕು, ಅದರ ಮೇಲೆ ನಾಲ್ಕು, ಎಂಟು. ಮೂರಡಿ ಗುಂಡಿಯಲ್ಲಿ? ಒಂದು ಪದರಕ್ಕೆ ಒಂಬತ್ತು, ಮೂರು ಪದರ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಶಾಲೆಯಲ್ಲಿ ಬಾಯೇ ಬಿಡದ ಒಬ್ಬ ಹುಡುಗ ಎದ್ದು ನಿಂತು, “ಸಾ, ಇಪ್ಪತ್ತೇಳು ಸಾ! ಎಂಟಕ್ಕೆ ನಲವತ್ತು ಅಂದ್ರೆ ಗಟ್ಟಿಗೆ ಐದು. ಇಪ್ಪತ್ತೇಳು ಐದ್ಲಿ ನೂರ ಮೂವತ್ತೈದು! ನಮ್ಮಪ್ಪಂಗೆ ಅರವತ್ತು ಕೊಟ್ಟವ್ರೆ!” ಅಂದ.

ಅವತ್ತು ರಾತ್ರಿ ಆ ಮಕ್ಕಳಿಗೆ ಘನಫಲ ಅನ್ನೋ ಪದ ಹೇಳಿದೆವು. ಉದ್ದ ಗುಣಿಸು ಅಗಲ ಗುಣಿಸು ಆಳ. ಮೂರೂ ಒಂದೇ ಆದರೆ ಆ ಸಂಖ್ಯೆಯ ಘನ. ಯಾರೂ ಉರು ಹೊಡೆಯಲಿಲ್ಲ. 75 ರೂಪಾಯಿ ಕಳೆದುಕೊಂಡ ಮೇಲೆ ಉರು ಹೊಡೆಯುವ ಅಗತ್ಯ ಬೀಳುವುದಿಲ್ಲ. ಮುಂದಿನ ಗುಂಡಿಗಳಿಗೆ ಅಪ್ಪಂದಿರು ಹೋಗಿ ಕೇಳಿದರು. 135 ಸಿಕ್ಕಲಿಲ್ಲ. ಬೈದಾಡಿ 100ಕ್ಕೆ ನಿಂತಿತು. ಲೆಕ್ಕ ಸರಿ ಇದ್ದ ಮಾತ್ರಕ್ಕೆ ನ್ಯಾಯ ಸಿಗುವುದಿಲ್ಲ, ಅದಕ್ಕೆ ಸಂಘಟನೆ ಬೇಕು ಅನ್ನೋದೂ ಅವತ್ತಿನ ಪಾಠವೇ. ಆದರೆ ಲೆಕ್ಕವೇ ಇಲ್ಲದಿದ್ದರೆ ಕೇಳುವುದಾದರೂ ಏನನ್ನು?

ಇನ್ನೊಂದು. ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ, “ನಂಗೆ ಲೆಕ್ಕ ಬರಲ್ಲ ಅಣ್ಣ, ನಮ್ಮವ್ವಂಗೂ ಬರಲ್ಲ, ನಮ್ಮ ವಂಸಕ್ಕೇ ಬರಲ್ಲ” ಅಂತ ನಗುತ್ತ ಹೇಳಿ ಮೂಲೆಗೆ ಕೂರುತ್ತಿದ್ದಳು. ಅವರವ್ವ ಸಾಲ ತೆಗೆದಿದ್ದ ಪುಸ್ತಕ ತರಲು ಹೇಳಿದೆವು. 12,000 ರೂಪಾಯಿ. ತಿಂಗಳಿಗೆ ನೂರಕ್ಕೆ ಎರಡು. ಹನ್ನೆರಡು ಕಂತು. ಒಂದೊಂದು ಕಂತು 1,240: ಅಸಲು ಸಾವಿರ, ಬಡ್ಡಿ 240. “ನೂರಕ್ಕೆ ಎರಡೇ ತಾನೆ, ಸರಿಯಾಗಿ ಅದೆ” ಅಂದರು ಅವರವ್ವ.

ಮಗಳನ್ನು ಕೇಳಿದೆವು: ಮೊದಲ ತಿಂಗಳು ನಿಮ್ಮ ಕೈಯಲ್ಲಿ ಅವರ ದುಡ್ಡೆಷ್ಟು? ಹನ್ನೆರಡು ಸಾವಿರ. ಎರಡನೇ ತಿಂಗಳು? ಸಾವಿರ ಕಟ್ಟಿದ್ದೀವಲ್ಲ, ಹನ್ನೊಂದು. ಕೊನೇ ತಿಂಗಳು? ಒಂದೇ ಸಾವಿರ. ಆ ಒಂದು ಸಾವಿರಕ್ಕೆ ಬಡ್ಡಿ ಎಷ್ಟು ಕಟ್ಟಿದಿರಿ? ಇನ್ನೂರ ನಲವತ್ತು. ನೂರಕ್ಕೆ ಎಷ್ಟಾಯಿತು? ಹುಡುಗಿ ಬೆರಳು ಮಡಿಚಿ ಬಿಡಿಸಿ, “ಇಪ್ಪತ್ನಾಕು!” ಅಂದವಳು ಸುಮ್ಮನೆ ಅವ್ವನ ಮುಖ ನೋಡಿದಳು.

ಕೈಯಲ್ಲಿ ಉಳಿದಿದ್ದ ದುಡ್ಡಿಗೆ ಮಾತ್ರ ಬಡ್ಡಿ ಹಾಕಿದರೆ ಎಷ್ಟಾಗಬೇಕು? ಹನ್ನೆರಡು, ಹನ್ನೊಂದು, ಹತ್ತು... ಒಂದರತನಕ ಕೂಡಬೇಕು. ಒಂದೊಂದಾಗಿ ಕೂಡಲು ಹೋದವಳಿಗೆ ಒಂದು ದಾರಿ ತೋರಿಸಿದೆವು: ಮೊದಲನೆಯದಕ್ಕೆ ಕೊನೆಯದನ್ನು ಸೇರಿಸು, ಹನ್ನೆರಡು ಒಂದು ಹದಿಮೂರು. ಹನ್ನೊಂದು ಎರಡು ಹದಿಮೂರು. ಹೀಗೆ ಆರು ಜೋಡಿ. ಆರು ಹದಿಮೂರಲಿ ಎಪ್ಪತ್ತೆಂಟು. 78,000ಕ್ಕೆ ನೂರಕ್ಕೆ ಎರಡರಂತೆ 1,560. ಕಟ್ಟಿದ್ದು 2,880. ಹೆಚ್ಚಿಗೆ ಹೋದದ್ದು 1,320. ವರ್ಷಕ್ಕೆ ನೂರಕ್ಕೆ 24 ಅಂತ ಬಾಯಲ್ಲಿ ಹೇಳಿದ್ದು, ಸರಾಸರಿ ಕೈಯಲ್ಲಿದ್ದ 6,500ಕ್ಕೆ ಲೆಕ್ಕ ಹಾಕಿದರೆ 44 ದಾಟುತ್ತದೆ.

ಹೀಗೆ ಜೋಡಿ ಮಾಡಿ ಕೂಡುವುದಕ್ಕೆ ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಸಮಾಂತರ ಶ್ರೇಢಿಯ ಮೊತ್ತ ಅನ್ನುತ್ತಾರೆ. ಹುಡುಗಿ ಇನ್ನೂ ಒಂಬತ್ತನೇ ಕ್ಲಾಸು! ಮುಂದಿನ ವರ್ಷದ ಪಾಠ ಅವಳಿಗೆ ಅವ್ವನ ಸಾಲದ ಪುಸ್ತಕದಲ್ಲೇ ಸಿಕ್ಕಿತು. ವಂಶಕ್ಕೇ ಬರಲ್ಲ ಅಂದಿದ್ದ ಲೆಕ್ಕ ಬಂತು. ಕಿರುಸಾಲದ ಕಿರುಕುಳಕ್ಕೆ ಊರು ಬಿಟ್ಟವರು, ಜೀವ ಬಿಟ್ಟವರು ಇರುವ ನಾಡಿದು. 2025ರಲ್ಲಿ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಕಾನೂನು ಬರಲಿ, ಬೇಕು. ಆದರೆ ಪ್ರತಿ ಕೇರಿಯಲ್ಲಿ ಈ 78ನ್ನು ಕೂಡಬಲ್ಲ ಒಬ್ಬ ಹುಡುಗಿ ಇರಬೇಕು.

ಶಾಲೆಯ ಪುಸ್ತಕದ ಬಡ್ಡಿ ಲೆಕ್ಕ ಹೇಗಿರುತ್ತದೆ ನೋಡಿ. ಯಾರೋ ಒಬ್ಬರು ಬ್ಯಾಂಕಿನಲ್ಲಿ ಇಷ್ಟು ಸಾವಿರ ಠೇವಣಿ ಇಡುತ್ತಾರೆ, ಇಷ್ಟು ವರ್ಷದ ನಂತರ ಎಷ್ಟು ಸಿಗುತ್ತದೆ? ನಮ್ಮ ಮಗುವಿನ ಮನೆಯಲ್ಲಿ ಠೇವಣಿ ಇಟ್ಟವರು ಯಾರೂ ಇಲ್ಲ. ಬಡ್ಡಿ ಅಂದರೆ ಅದಕ್ಕೆ ಸಿಗುವುದಲ್ಲ, ಹೋಗುವುದು. ಲೆಕ್ಕದಲ್ಲಿ ತನ್ನ ಮನೆ ಕಾಣದ ಮಗು ಲೆಕ್ಕದೊಳಗೆ ಹೇಗೆ ಹೋಗುತ್ತದೆ?

ಪದಗಳ ಗೋಡೆ ಬೇರೆ. ಲಘುತ್ತಮ ಸಾಮಾನ್ಯ ಅಪವರ್ತ್ಯ! ಈ ಮಂತ್ರ ಕೇಳಿದರೆ ಪೂಜೆಗೆ ಕೂತಂತೆ ಆಗುತ್ತದೆ. ನಾವು ಇಬ್ಬರು ಹುಡುಗರ ಕೈಗೆ ತಮಟೆ ಕೊಟ್ಟೆವು. ಒಬ್ಬ ಮೂರಕ್ಕೊಂದು ಜೋರು ಪೆಟ್ಟು, ಇನ್ನೊಬ್ಬ ನಾಲ್ಕಕ್ಕೊಂದು. ಇಬ್ಬರ ಜೋರು ಪೆಟ್ಟು ಕೂಡೋದು ಯಾವಾಗ? ಹನ್ನೆರಡಕ್ಕೆ, ಇಪ್ಪತ್ನಾಲ್ಕಕ್ಕೆ. ಮೊದಲು ಕೂಡಿದ್ದು ಹನ್ನೆರಡು, ಅದೇ ಲ.ಸಾ.ಅ. ತಮಟೆಯನ್ನು ಹೆಣದ ಮುಂದೆ ಬಡಿಯಲು ಮಾತ್ರ ಕರೆದವರು ಅದರೊಳಗಿನ ಈ ವಿದ್ಯೆಯನ್ನು ಕೇಳಿಸಿಕೊಂಡಿರಲಿಲ್ಲ. ಹಾಗಂತ ಲ.ಸಾ.ಅ. ಅನ್ನೋ ಪದ ಬೇಡ ಅನ್ನುವವರಲ್ಲ ನಾವು. ಪರೀಕ್ಷೆಯಲ್ಲಿ ತಮಟೆ ಅಂತ ಬರೆದರೆ ಅಂಕ ಬರುವುದಿಲ್ಲ. ಮೊದಲು ವಿಷಯ, ನಂತರ ನಮ್ಮ ಮಾತು, ಆಮೇಲೆ ಅವರ ಪದ. ಈ ಕ್ರಮ ತಪ್ಪಬಾರದು.

*

ನಮ್ಮ ತಪ್ಪುಗಳನ್ನೂ ಹೇಳಿಬಿಡಬೇಕು. ಮೊದಮೊದಲು ನಾವು ಬರೀ ಆಟ ಆಡಿಸಿದೆವು. ಚೌಕಾಬಾರ, ಗೋಲಿ, ಬೀಜ, ಹಾಡು. ಮಕ್ಕಳು ನಕ್ಕರು, ನಾವೂ ಬೀಗಿದೆವು. ಎರಡು ತಿಂಗಳಾದ ಮೇಲೆ ಹತ್ತನೇ ಕ್ಲಾಸಿನ ಹುಡುಗ ಒಬ್ಬ, “ಅಣ್ಣ, ಆಟ ಆಯ್ತು. ನಂಗೆ ಮಾರ್ಚಿಗೆ ಪರೀಕ್ಷೆ ಅದೆ. ಲೆಕ್ಕ ಹೇಳ್ಕೊಡ್ತೀರೋ ಇಲ್ವೋ?” ಅಂದ. ನಾವು ತಲೆ ತಗ್ಗಿಸಿದೆವು. ಬಡ ಮಕ್ಕಳಿಗೆ ಕಷ್ಟದ ಲೆಕ್ಕ ಬೇಡ ಅಂತ ಕನಿಕರಪಡುವುದೂ ಒಂದು ತರದ ಮೇಲ್ಜಾತಿತನ. ಅದು ನಮ್ಮೊಳಗೂ ಇತ್ತು. ಇನ್ನೊಂದು ದಿನ ನಮ್ಮಲ್ಲೊಬ್ಬರು ಸಿಟ್ಟಿಗೆ ಒಂದು ಮಗುವಿಗೆ ಹೊಡೆದರು. ಆ ಮಗು ಒಂದು ವಾರ ಬರಲಿಲ್ಲ. ಅವರೇ ಮನೆಗೆ ಹೋಗಿ, ತಪ್ಪಾಯ್ತು ಕಣಪ್ಪ ಅಂತ ಹೇಳಿ ಕರೆದುಕೊಂಡು ಬಂದರು. ನಮ್ಮನ್ನು ಹೊಡೆದು ಕಲಿಸಿದವರ ಕೈ ನಮ್ಮ ತೋಳಿನಲ್ಲೂ ಉಳಿದಿದೆ. ಅದನ್ನು ಇಳಿಸುವುದೂ ಬಂಡಾಯವೇ.

ಹಾಗಾಗಿ ಮೇಷ್ಟ್ರುಗಳಿಗೆ ನಮ್ಮ ಮಾತು ಇಷ್ಟು. ಕೋಲು ಬಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ನಿಮ್ಮ ಮನಸ್ಸು ಯಾವಾಗ ನಿಷೇಧಿಸುತ್ತದೆ? ಮಗು 295 ಅಂತ ಬರೆದರೆ ತಪ್ಪು ಅನ್ನುವ ಮೊದಲು, “ಹೆಂಗೆ ಬಂತು, ಹೇಳು ನೋಡಾನ” ಅನ್ನಿ. ಆ ತಪ್ಪಿನೊಳಗೆ ಒಂದು ಯೋಚನೆ ಇದೆ. ಅದನ್ನು ಹಿಡಿದರೆ ದಾರಿ ಸಿಗುತ್ತದೆ. 200 ಕೊಟ್ಟು 295 ವಾಪಸ್ ತಗೊಂಡ್ರೆ ಯಾರಿಗೆ ನಷ್ಟ ಅಂತ ಕೇಳಿ, ಮಗುವೇ ಅಳಿಸುತ್ತದೆ. ಹಿಂದಿನ ಸಾಲನ್ನು ದಿನಕ್ಕೊಬ್ಬರಂತೆ ಬೋರ್ಡಿಗೆ ಕರೆಯಿರಿ. ತಪ್ಪಿದರೆ ಯಾರೂ ನಗದಂತೆ ನೋಡಿಕೊಳ್ಳಿ. ಇಷ್ಟಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ. ನಿಮಗೆ ಕೆಲಸ ಹೆಚ್ಚು, ಮೇಷ್ಟ್ರು ಕಮ್ಮಿ, ಗಣತಿ ಚುನಾವಣೆ ಎಲ್ಲವೂ ನಿಮ್ಮ ತಲೆ ಮೇಲೆ. ಬಲ್ಲೆವು. ಅದಕ್ಕೆ ಸರ್ಕಾರದ ಕೊರಳ ಪಟ್ಟಿ ಹಿಡಿಯೋಣ, ನಾವೂ ಬರುತ್ತೇವೆ. ಆದರೆ ಆ ಸಿಟ್ಟನ್ನು ಹಿಂದಿನ ಸಾಲಿನ ಮೇಲೆ ತೀರಿಸಬೇಡಿ.

ಸಂಘಟನೆಯ ಗೆಳೆಯರಿಗೆ: ನಾವು ಭಾಷಣ ಕಲಿತೆವು, ಹಾಡು ಕಲಿತೆವು, ಕರಪತ್ರ ಬರೆಯುವುದನ್ನು ಕಲಿತೆವು. ಲೆಕ್ಕ ಬಂದಾಗ ಮಾತ್ರ ಇನ್ನೂ ಬೇರೆಯವರ ಮುಖ ನೋಡುತ್ತೇವೆ. 2011ರ ಜನಗಣತಿಯಂತೆ ಈ ರಾಜ್ಯದಲ್ಲಿ ಪರಿಶಿಷ್ಟ ಜಾತಿ ನೂರಕ್ಕೆ 17.15, ಪರಿಶಿಷ್ಟ ಪಂಗಡ 6.95. ಎರಡೂ ಸೇರಿ 24.10. ಅಭಿವೃದ್ಧಿಗೆ ಮೀಸಲಾದ ಪ್ರತಿ ನೂರು ರೂಪಾಯಿಯಲ್ಲಿ 24 ರೂಪಾಯಿ 10 ಪೈಸೆ ನಮ್ಮ ಪಾಲು ಅನ್ನುವುದು 2013ರ ಉಪಯೋಜನೆ ಕಾಯ್ದೆಯ ಲೆಕ್ಕ. ಆ ಕಾಯ್ದೆಯಲ್ಲೇ 7ಡಿ ಎಂಬ ಕಿಂಡಿ ಇಟ್ಟು, ಎಲ್ಲರಿಗೂ ಹೋದ ಖರ್ಚನ್ನೂ ನಮ್ಮ ಲೆಕ್ಕಕ್ಕೇ ಬರೆದುಕೊಂಡು ಬಂದರು. ಅದನ್ನು ಕಿತ್ತು ಹಾಕಲು 2023ರತನಕ ಹೋರಾಡಬೇಕಾಯಿತು. ಅದೇ ವರ್ಷ ಈ ಹಣದಲ್ಲಿ ಸುಮಾರು 11,000 ಕೋಟಿ ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಹೋಯಿತೆಂಬ ಗದ್ದಲವೂ ಎದ್ದಿತು. ಹಳೆಯ ಕೊಳಗ, ಹೊಸ ಕಣ! ಶೇಕಡ ಅನ್ನುವುದು ಆರೇಳನೇ ಕ್ಲಾಸಿನ ಪಾಠ. ಅದನ್ನು ಅರ್ಥ ಮಾಡಿಕೊಂಡ ಮಗು ನಾಳೆ ಬಜೆಟ್ ಪುಸ್ತಕ ತೆರೆಯುತ್ತದೆ. ಅರ್ಥವಾಗದ ಮಗು ನಾಳೆಯೂ ಹೆಬ್ಬೆಟ್ಟೇ, ಡಿಗ್ರಿ ಇದ್ದರೂ. ಆದ್ದರಿಂದ ಪ್ರತಿ ಕೇರಿಯ ಭವನದಲ್ಲಿ ಬಾಬಾಸಾಹೇಬರ ಫೋಟೋದ ಕೆಳಗೆ ಒಂದು ಕರಿಹಲಗೆ ಇರಲಿ. ಹೂವಿನ ಹಾರದ ದುಡ್ಡಿನಲ್ಲಿ ಒಂದು ಡಬ್ಬಿ ಸೀಮೆಸುಣ್ಣ, ಒಂದು ಟೇಪು ಬರುತ್ತದೆ. ಹತ್ತನೇ ಕ್ಲಾಸು ಪಾಸಾದ ಹುಡುಗ ಏಳನೇ ಕ್ಲಾಸಿನವರಿಗೆ ಹೇಳಿಕೊಡಲಿ. ಹೇಳಿಕೊಟ್ಟವನಿಗೇ ಹೆಚ್ಚು ಬರುತ್ತದೆ.

ಕಾಲೇಜಿನ ತಮ್ಮ ತಂಗಿಯರಿಗೆ: “ನಮಗೆ ಗಣಿತ ಆಗಿಬರಲ್ಲ” ಅಂತ ಹೆಮ್ಮೆಯಿಂದ ಹೇಳಬೇಡಿ. ಆ ಮಾತು ನಿಮ್ಮದಲ್ಲ. ನಿಮ್ಮ ಬಾಯಲ್ಲಿ ಯಾರೋ ಇಟ್ಟದ್ದು. ಉಗಿಯಿರಿ.

‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಅನ್ನುತ್ತದೆ ನಮ್ಮ ಭಾಷೆ. ಈ ನಾಡಿನ ಚುನಾವಣೆಗೆ ನಾವುಂಟು, ಜಾತ್ರೆಯಲ್ಲಿ ತಮಟೆಗೆ ನಾವುಂಟು, ಗುಂಡಿ ತೋಡಲು, ಮಲ ಬಾಚಲು ನಾವುಂಟು. ಲೆಕ್ಕಕ್ಕೆ ಮಾತ್ರ ಇಲ್ಲ. ಕನ್ನಡದಲ್ಲಿ ಲೆಕ್ಕ ಕಲಿಯುವುದಕ್ಕೂ ಲೆಕ್ಕ ಕೇಳುವುದಕ್ಕೂ ಪದ ಒಂದೇ. ಕಲಿತವನು ಒಂದಲ್ಲ ಒಂದು ದಿನ ಕೇಳುತ್ತಾನೆ. ಅದಕ್ಕೇ ಅಷ್ಟು ವರ್ಷ ಕಲಿಯಲು ಬಿಡಲಿಲ್ಲ.

ಸೊಪ್ಪಿನ ಹುಡುಗ ಈಗ ಬೋರ್ಡಿನ ಮೇಲೆ 105 ಅಂತ ಬರೆಯುತ್ತಾನೆ. ಬರೆದು ತಿರುಗಿ, “ಸರಿಯಾ ಸಾ?” ಅನ್ನುವುದಿಲ್ಲ. ಸರಿ ಅಂತ ಅವನಿಗೆ ಗೊತ್ತು.

ಕಣ ಸಿದ್ಧವಾಗಲಿ. ಈ ಸಲ ಕೊಳಗ ನಮ್ಮ ಕೈಯಲ್ಲಿರಲಿ. ಮೊದಲನೆಯದಕ್ಕೆ ‘ಲಾಭ’ ಅನ್ನುವುದು ಬೇಡ. ಒಂದು ಅಂತಲೇ ಶುರು ಮಾಡೋಣ.